ಅಪ್‌ಡೇಟ್: ಅಜ್ಜಿಯ ಪಾವಿನ ಲೆಕ್ಕ ಗ್ರಾಂಗೆ ಬಂತು

ಅಜ್ಜಿಯ ಚಕ್ಕುಲಿ ಅಳತೆ ಪಾವಿನಲ್ಲಿದೆ, ಗ್ರಾಂಗೆ ತರೋದು ಹೇಗೆ ಅಂತ ಕೇಳಿದ್ದೆ. ಹಬ್ಬಕ್ಕೆ ಚಕ್ಕುಲಿ ಆಯ್ತು, ಗರಿಗರಿಯಾಗಿ ಬಂತು.

ಕೆಲಸಕ್ಕೆ ಬಂದದ್ದು "ನಿಮ್ಮ ಪಾವಿಗೆ ನೀರು ತುಂಬಿ ತೂಗಿ ನೋಡಿ" ಅಂದವರ ಸಲಹೆ. ಒಂದು ಮಿಲಿ ನೀರು ಒಂದು ಗ್ರಾಂ, ಹಾಗಾಗಿ ತಕ್ಕಡಿಯೇ ಪಾವಿನ ಗಾತ್ರ ಹೇಳಿಬಿಡುತ್ತೆ. ನಮ್ಮ ಹಿತ್ತಾಳೆ ಪಾವು ಹೆಚ್ಚುಕಮ್ಮಿ 240 ಮಿಲಿ. ಅದರಲ್ಲಿ ಅಕ್ಕಿ ತುಂಬಿ, ತಲೆ ಸವರಿ ತೂಗಿದರೆ 200 ಗ್ರಾಂ ಆಸುಪಾಸು, ಉದ್ದಿನಬೇಳೆಯೂ ಅಷ್ಟೇ. "ಪಾವು ಅಂದ್ರೆ ಕಾಲು ಕೆಜಿ" ಅನ್ನೋದು ಹೊಂದಲಿಲ್ಲ, ಹಿಟ್ಟಿಗಂತೂ ಇಲ್ಲವೇ ಇಲ್ಲ.

ಆಶ್ಚರ್ಯ ಆದದ್ದು ಹಿಟ್ಟಿನಲ್ಲೇ. ಜರಡಿ ಹಿಡಿದ ಅಕ್ಕಿ ಹಿಟ್ಟನ್ನ ಚಮಚದಲ್ಲಿ ಹಗುರಾಗಿ ಹಾಕಿದಾಗ 130 ಗ್ರಾಂ. ಪಾವನ್ನ ಕಟ್ಟೆಗೆ ಕುಟ್ಟಿ ಮತ್ತೆ ತುಂಬಿದಾಗ 160! ಅಜ್ಜಿ ಹಿಟ್ಟನ್ನ ಅಳೀತಾನೇ ಇರಲಿಲ್ಲ, ಮಿಲ್ಲಿಗೆ ಕಳಿಸೋ ಮುಂಚೆ ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ ಅಳೀತಿದ್ರು. ಎಂಥ ಜಾಣತನ! ಕಾಳು ಹಿಟ್ಟಿನಷ್ಟು ಕುಗ್ಗಲ್ಲ.

ಅಂಗಡಿ ಹಿಟ್ಟು ತರೋರು ತೂಕದಲ್ಲೇ ಹೋಗಿ: 800 ಗ್ರಾಂ ಅಕ್ಕಿ ಹಿಟ್ಟು, 200 ಗ್ರಾಂ ಹುರಿದ ಉದ್ದಿನ ಹಿಟ್ಟು. ಎಳ್ಳು, ಜೀರಿಗೆ ಚಮಚದಲ್ಲೇ ಇರಲಿ. ಅಡುಗೆಮನೆ ತಕ್ಕಡಿ ಎರಡು ಮೂರು ಗ್ರಾಂ ಸರಿಯಾಗಿ ತೋರಿಸಲ್ಲ.