ಪದಚರ್ಚೆ: ಇಜಿಆರ್ ಒಳಗಿನ ‘ಕಾರ್ಬನ್’ಗೆ ಮಸಿ ಅನ್ನಬೇಕೋ, ಜಿಡ್ಡೋ, ಕಿಟ್ಟವೋ?

ಪ್ರಶ್ನೆ (ಶಿವಮೊಗ್ಗದಿಂದ)

ಬಳಗದವರಿಗೆ ನಮಸ್ಕಾರ. ಇಲ್ಲಿನ ಆಟೊ ಕಾಂಪ್ಲೆಕ್ಸಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೆಂದು, ಹೈಬ್ರಿಡ್ ಕಾರಿನ ಇಜಿಆರ್ (ಉರಿದ ಹೊಗೆಯನ್ನು ಎಂಜಿನ್ನಿಗೆ ತಿರುಗಿ ಬಿಡುವ ಭಾಗ) ಮತ್ತು ಇಂಟೇಕ್ (ಗಾಳಿ ಒಳಹೋಗುವ ದಾರಿ) ಬಿಚ್ಚಿ ತೊಳೆಯುವ ಕ್ರಮವನ್ನು ಕನ್ನಡದಲ್ಲಿ ಬರೆಯಲಾಗುತ್ತಿದೆ. ಕರಡಿನ ಮೊದಲ ವಾಕ್ಯ ಹೀಗಿದೆ: ‘ಎಂಜಿನ್ ನಿಂತ ಮೇಲೆ ನಿಷ್ಕಾಸ ಅನಿಲ ಮರುಪರಿಚಲನಾ ವ್ಯವಸ್ಥೆಯಲ್ಲಿ ಶೇಖರಣೆಗೊಂಡ ಇಂಗಾಲವನ್ನು ಸ್ವಚ್ಛಗೊಳಿಸತಕ್ಕದ್ದು.’ ಓದಿದ ಹುಡುಗರು ಏನೂ ತಿಳಿಯಲಿಲ್ಲ ಅಂದರು. ಗ್ಯಾರೇಜಿನಲ್ಲಿ ಎಲ್ಲರೂ ಆಡುವ ಮಾತು ‘ಕಾರ್ಬನ್ ಹಿಡಿದಿದೆ, ಕ್ಲೀನ್ ಮಾಡಬೇಕು’ ಎಂದು. ಹಾಗೇ ಬರೆದುಬಿಡಬಹುದೇ? ‘ಮಸಿ’, ‘ಕಿಟ್ಟ’, ‘ಇಲ್ಲಣ’ ಇವುಗಳಲ್ಲಿ ಯಾವುದಾದರೂ ಹೊಂದುತ್ತದೆಯೇ? ಯಂತ್ರದ ಕೆಲಸ ಬಲ್ಲವರು ಹೇಳಬೇಕು.

ಉತ್ತರ (ತೀರ್ಥಹಳ್ಳಿಯಿಂದ)

ಪದಕ್ಕಿಂತ ಮೊದಲು ಆ ವಾಕ್ಯದ ಮೊದಲ ಮೂರು ಮಾತು ತೆಗೆಯಿರಿ ಸಾರ್. ‘ಎಂಜಿನ್ ನಿಂತ ಮೇಲೆ’ ಎನ್ನುವುದು ಪೆಟ್ರೋಲ್ ಕಾರಿಗೆ ಸರಿ, ಹೈಬ್ರಿಡ್‌ಗೆ ಅಪಾಯ. ಇಲ್ಲಿ ಎಂಜಿನ್ ನಿಂತಿದ್ದರೂ ಕಾರು ಚಾಲೂ ಇರಬಹುದು. ರೆಡಿ ದೀಪ ಉರಿಯುತ್ತಿದ್ದರೆ ಬ್ಯಾಟರಿ ಇಳಿದ ಕೂಡಲೇ ಎಂಜಿನ್ ತಾನಾಗಿಯೇ ತಿರುಗುತ್ತದೆ, ಆಗ ಕೈ ಒಳಗಿದ್ದರೆ ಮುಗಿಯಿತು. ಹೀಗೆ ಬರೆಯಿರಿ: ‘ರೆಡಿ ದೀಪ ಆರಿಸಿ, ಕೀಲಿಯನ್ನು ಕಾರಿನಿಂದ ದೂರ ಇಟ್ಟು, 12 ವೋಲ್ಟ್ ಬ್ಯಾಟರಿಯ ಮೈನಸ್ ತೆಗೆದು, ಎಂಜಿನ್ ಪೂರ್ತಿ ಆರಿದ ಮೇಲೆ.’ ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ತಂತಿಗಳನ್ನು ಮುಟ್ಟಬಾರದು ಎಂಬುದೂ ಅಲ್ಲೇ ಸೇರಲಿ.

ಇನ್ನು ‘ಇಂಗಾಲ’. ಅದು ರಸಾಯನಶಾಸ್ತ್ರದ ಪುಸ್ತಕದಲ್ಲಿ ಧಾತುವಿನ ಹೆಸರು. ಇಜಿಆರ್‌ನಿಂದ ಮ್ಯಾನಿಫೋಲ್ಡ್‌ವರೆಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಕೂತಿರುವ ಕೊಳೆ ಬರೀ ಇಂಗಾಲವಲ್ಲ, ಎಲ್ಲ ಕಡೆ ಒಂದೇ ಬಗೆಯದೂ ಅಲ್ಲ. ಗ್ಯಾರೇಜಿನ ‘ಕಾರ್ಬನ್’ ಎಂಬ ಮಾತಿನಲ್ಲಿ ಮೂರು ಬೇರೆ ಬೇರೆ ಕೊಳೆಗಳು ಒಟ್ಟಾಗಿವೆ. ಒಂದೊಂದಕ್ಕೂ ತೆಗೆಯುವ ಬಗೆ ಬೇರೆ. ಕನ್ನಡದಲ್ಲಿ ಮೂರಕ್ಕೂ ಹೆಸರಿರುವಾಗ ಬಳಸದಿರುವುದು ಯಾಕೆ?

ಹೊಗೆ ತಣಿಸುವ ಕೂಲರ್ ಒಳಗಿರುವುದು ಮಸಿ. ಉರಿದ ಹೊಗೆಯಲ್ಲಿ ಒಂದಷ್ಟನ್ನು ತಿರುಗಿ ಎಂಜಿನ್ನಿಗೆ ಬಿಡುವುದು ಇಜಿಆರ್ ಕೆಲಸ. ಆ ಹೊಗೆ ಇನ್ನೊಮ್ಮೆ ಉರಿಯುವಂಥದ್ದಲ್ಲ. ಹಾಗಾಗಿ ಉರಿಯ ಬಿಸಿ ತಗ್ಗುತ್ತದೆ, ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ, ಎಂಜಿನ್ ನಾಕ್ ಹೊಡೆಯುವುದೂ (ಇಂಧನ ಹೊತ್ತಲ್ಲದ ಹೊತ್ತಿಗೆ ಉರಿದು ಬಡಿಯುವ ಸದ್ದು) ತಪ್ಪುತ್ತದೆ. ಮೂರನೇ ತಲೆಮಾರಿನ ಟೊಯೋಟಾ ಪ್ರಿಯಸ್‌ನ 1.8 ಲೀಟರ್ ಎಂಜಿನ್ನಿನಲ್ಲಿ ಈ ಹೊಗೆ ಮೊದಲು ಕೂಲಂಟ್ ಸುತ್ತುವ ಸ್ಟೀಲ್ ಕೂಲರ್ ಹಾದು, ಆಮೇಲೆ ವಾಲ್ವಿಗೆ ಬರುತ್ತದೆ. ಬಿಸಿ ಹೊಗೆ ಕೂಲರಿನ ತಣ್ಣನೆಯ ಗೋಡೆಗೆ ತಾಗಿದಲ್ಲೇ ಮಸಿ ಅಂಟುತ್ತದೆ. ಕೂಲರಿನ ಕಿಂಡಿಗಳು ಬಹಳ ಸಣ್ಣವು, ಬೇಗ ಕಿರಿದಾಗುತ್ತವೆ.

ಒಳಬರುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲಿನ ತಟ್ಟೆಯ ಅಂಚಿನಲ್ಲಿರುವುದು ಜಿಡ್ಡು. ಅದು ಇಜಿಆರ್ ಕೊಟ್ಟದ್ದಲ್ಲ, ಪಿಸಿವಿ ದಾರಿಯಿಂದ (ಎಂಜಿನ್ನಿನ ಒಡಲಿನ ಆವಿಯನ್ನು ಇಂಟೇಕಿಗೆ ತಿರುಗಿ ಬಿಡುವ ದಾರಿ) ಬರುವ ಎಣ್ಣೆಯ ಆವಿ. ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರಿನಲ್ಲಿ ಇದು ಹೆಚ್ಚು. ಹೈಬ್ರಿಡ್ ಎಂಜಿನ್ ಅಷ್ಟರಲ್ಲಿ ಹೊತ್ತಿ ನಿಂತುಬಿಟ್ಟಿರುತ್ತದೆ, ಬಿಸಿಯೇ ಏರಿರುವುದಿಲ್ಲ. ಒಳಗಿನ ನೀರಾವಿ ಹೊರಗೆ ಹೋಗದೆ ಎಣ್ಣೆಯ ಜೊತೆ ಉಳಿಯುತ್ತದೆ. ಆಗುಂಬೆ ಘಾಟಿ ಹತ್ತಿ ಬಂದ ಕಾರಿಗೆ ಈ ತೊಂದರೆ ಅಷ್ಟಿಲ್ಲ.

ಮಸಿ ಮತ್ತು ಜಿಡ್ಡು ಎರಡೂ ಸೇರುವ ಜಾಗ ಇಂಟೇಕ್ ಮ್ಯಾನಿಫೋಲ್ಡ್. ಅಲ್ಲಿ ಆಗುವುದು ಕಿಟ್ಟ. ಅಡಿಕೆ ಬೇಯಿಸಿದ ಹಂಡೆಯ ಅಂಚಿಗೆ ಒಣಗಿ ಹತ್ತಿದ ಚೊಗರಿನ ಹಾಗೆ, ಬೆರಳಿಗೆ ಬಾರದು, ಬಟ್ಟೆಗೂ ಬಾರದು. ನಿಜವಾದ ಹಾನಿ ಮಾಡುವುದು ಇದೇ. ಮ್ಯಾನಿಫೋಲ್ಡಿನಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಸಣ್ಣ ಇಜಿಆರ್ ತೂತು ಇದೆ. ನಾಲ್ಕೂ ಒಂದೇ ಸಮ ಕಟ್ಟಿದರೆ ಹೊಗೆ ಸಾಲದೆಂದು ಕಾರಿನ ಕಂಪ್ಯೂಟರಿನಲ್ಲಿ ಪಿ0401 ಎಂಬ ದೋಷದ ಕೋಡ್ ಬರಬಹುದು. ಒಂದು ತೂತು ಮಾತ್ರ ಕಟ್ಟಿದರೆ ಕೋಡ್ ಬರದೆಯೇ ಆ ಒಂದು ಸಿಲಿಂಡರ್ ಬಿಸಿಯಾಗಿ ಉರಿಯುತ್ತಿರುತ್ತದೆ. ಈ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಗೂ ಬ್ಲಾಕಿಗೂ ನಡುವಿನ ಸೀಲು) ಹೋಗುವುದಕ್ಕೂ ಇಜಿಆರ್ ಕಟ್ಟುವುದಕ್ಕೂ ನಂಟಿದೆ ಎಂದು ಮೆಕ್ಯಾನಿಕರು ಹೇಳುವುದು ಇದೇ ಕಾರಣಕ್ಕೆ.

‘ಇಲ್ಲಣ’ ಬೇಡ. ಅಡುಗೆಮನೆಯ ಅಟ್ಟದಿಂದ ಜೋತುಬೀಳುವ ಒಣ ಮಸಿಯ ಎಳೆಗೆ ಅದು ಹೇಳಿಮಾಡಿಸಿದ ಮಾತು. ಇಲ್ಲಿ ಜೋತುಬೀಳುವುದೇನೂ ಇಲ್ಲ.

ಕ್ರಿಯಾಪದಗಳ ವಿಷಯ ಇದಕ್ಕಿಂತ ಮುಖ್ಯ. ‘ಸ್ವಚ್ಛಗೊಳಿಸು’ ಎಂದರೂ ‘ಕ್ಲೀನ್ ಮಾಡು’ ಎಂದರೂ ಕೈ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಕಲಿಯುವ ಹುಡುಗ ಎಲ್ಲದಕ್ಕೂ ಒಂದೇ ಸ್ಪ್ರೇ ಹೊಡೆಯುತ್ತಾನೆ.

ಕೂಲರನ್ನು ನೆನೆಹಾಕಬೇಕು. ಕೂಲಂಟ್ ಹೋಗುವ ಎರಡು ಬಾಯಿಗಳಿಗೆ ಬಿರಡೆ ಹಾಕಿ, ಹೊಗೆ ಹೋಗುವ ದಾರಿಗೆ ಸೋಡಿಯಂ ಪರ್ಕಾರ್ಬೊನೇಟ್ ಕರಗಿಸಿದ ಬಿಸಿನೀರು ತುಂಬಬೇಕು. ಲೀಟರಿಗೆ ಸುಮಾರು 30 ಗ್ರಾಂ ಸಾಕು, ನೀರು 60 ಡಿಗ್ರಿ ಆಸುಪಾಸು ಇರಲಿ. ಇದು ಆಮ್ಲಜನಕ ಬಿಡುತ್ತ ನೊರೆಯುತ್ತದೆ, ಆದ್ದರಿಂದ ಹೊಗೆದಾರಿಯ ಬಾಯಿ ತೆರೆದೇ ಇರಬೇಕು. ಮುಚ್ಚಿದರೆ ಒತ್ತಡ ಏರಿ ಬಿಸಿನೀರು ಮುಖಕ್ಕೆ ಹಾರುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು. ಒಂದು ರಾತ್ರಿ ಬಿಟ್ಟು, ಕಪ್ಪು ನೀರು ಚೆಲ್ಲಿ, ಮತ್ತೆ ತುಂಬಿ, ನೀರು ತಿಳಿಯಾಗಿ ಬರುವವರೆಗೆ ಮಾಡಬೇಕು. ಒಳಕ್ಕೆ ಕಂಬಿ ತೂರಿಸಿ ಕುಕ್ಕಬಾರದು, ಒಳಗಿನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಅಲ್ಯೂಮಿನಿಯಂ ಭಾಗಗಳನ್ನು ಈ ನೀರಿಗೆ ಹಾಕಬಾರದು, ಕ್ಷಾರ ಅದನ್ನು ತಿನ್ನುತ್ತದೆ.

ವಾಲ್ವನ್ನು ಉಜ್ಜಬೇಕು, ನೆನೆಹಾಕಬಾರದು. ಅದರ ತಲೆಯಲ್ಲಿ ಮೋಟಾರ್ ಇದೆ. ತಲೆ ಮೇಲಾಗಿ ಹಿಡಿದು, ಕಾರ್ಬ್ಯುರೇಟರ್ ಕ್ಲೀನರನ್ನು ಬಾಯಿಯ ಕಡೆಗಷ್ಟೇ ಬಿಟ್ಟು, ಹಿತ್ತಾಳೆ ಬ್ರಷ್ಷಿನಲ್ಲಿ ಉಜ್ಜಬೇಕು. ಸೂಜಿ ಕೂರುವ ಜಾಗದಲ್ಲಿ ಒಂದು ಚೂರು ಉಳಿದರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಎಂಜಿನ್ ಹೊತ್ತುವಾಗ ಕಾರು ನಡುಗುವುದಕ್ಕೆ ಇದೂ ಒಂದು ಕಾರಣ.

ಥ್ರಾಟಲನ್ನು ಒರೆಸಬೇಕು. ಕ್ಲೀನರನ್ನು ಬಟ್ಟೆಗೆ ಹಾಕಿಕೊಳ್ಳಬೇಕು, ಥ್ರಾಟಲಿಗೆ ಸುರಿಯಬಾರದು. ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತಿರುಗಿಸಬಾರದು. ಗಾಳಿ ಅಳೆಯುವ ಮಾಫ್ ಸೆನ್ಸರಿಗೆ ಅದರದೇ ಸ್ಪ್ರೇ ಬಿಟ್ಟು ಬೇರೇನೂ ಮುಟ್ಟಿಸಬಾರದು.

ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿನದು. ಅದರ ತೂತುಗಳನ್ನು ಬಿಡಿಸಬೇಕು. ಮೆದು ನೈಲಾನ್ ಬ್ರಷ್ಷನ್ನು ಕ್ಲೀನರಿನಲ್ಲಿ ಅದ್ದಿ, ಒಂದೊಂದು ತೂತನ್ನೂ ಆಚೆಯಿಂದ ಬೆಳಕು ಕಾಣುವವರೆಗೆ ತಿರುವುತ್ತ ಹೋಗಬೇಕು, ಆಮೇಲೆ ಗಾಳಿ ಹೊಡೆಯಬೇಕು. ನಾಲ್ಕೂ ತೂತಿಗೆ ಒಂದೇ ಅಳತೆ ನೀರು ಹೊಯ್ದು ಇಳಿಯುವ ಹೊತ್ತು ನೋಡಿದರೆ ಉಳಿದದ್ದು ಗೊತ್ತಾಗುತ್ತದೆ. ಒಂದು ಹನಿ ನೀರೂ ಉಳಿಯದಂತೆ ಒಣಗಿಸಿಯೇ ಜೋಡಿಸಬೇಕು. ಕೂಲರಿನ ಎರಡು ಕೊನೆ, ವಾಲ್ವ್, ಮ್ಯಾನಿಫೋಲ್ಡ್, ಎಲ್ಲಕ್ಕೂ ಹೊಸ ಗ್ಯಾಸ್ಕೆಟ್.

ಕೂಲರ್ ಬಿಚ್ಚಿದಾಗ ಹೋಗುವ ಒಂದೆರಡು ಲೀಟರ್ ಕೂಲಂಟ್ ತುಂಬುವ ಹಂತಕ್ಕೆ ‘ಭರ್ತಿ ಮಾಡಿ’ ಎಂದಷ್ಟೇ ಬರೆದರೆ ಸಾಲದು. ‘ಭರ್ತಿ ಮಾಡಿ, ಗಾಳಿ ತೆಗೆಯಿರಿ’ ಎಂದಾಗಲಿ. ಈ ಎಂಜಿನ್ನಿನ ನೀರಿನ ಪಂಪಿಗೆ ಬೆಲ್ಟ್ ಇಲ್ಲ, ಅದು ವಿದ್ಯುತ್ತಿನದು. ಗಾಳಿ ಸಿಕ್ಕಿಕೊಂಡರೆ ಪಂಪ್ ತಿರುಗುತ್ತಲೇ ಇದ್ದರೂ ನೀರು ಸುತ್ತುವುದಿಲ್ಲ. ನಲ್ಲಿ ನೀರು ಬೆರೆಸಬಾರದು, ಕಂಪನಿಯ ಗುಲಾಬಿ ಬಣ್ಣದ ಕೂಲಂಟೇ ಹಾಕಬೇಕು.

ಗ್ಯಾರೇಜುಗಳ ಬೋರ್ಡಿನಲ್ಲಿ ಕಾಣುವ ‘ಡಿಕಾರ್ಬನ್’ ಎಂಬ ಮಾತನ್ನು ಬಳಸಬೇಡಿ. ಅಲ್ಲಿ ಥ್ರಾಟಲಿನ ಬಾಯಿಂದ ಬಿಡುವ ದ್ರವ ಮ್ಯಾನಿಫೋಲ್ಡಿನ ಗಾಳಿಯ ಜೊತೆ ಸಿಲಿಂಡರಿಗೆ ಹೋಗುತ್ತದೆ. ಹಿಂದಿರುವ ಕೂಲರಿಗೆ ಅದು ತಲುಪುವ ದಾರಿಯೇ ಇಲ್ಲ.

‘ಇಜಿಆರ್’ ಹಾಗೇ ಇರಲಿ. ‘ಮರುಪರಿಚಲನೆ’ ಗೊತ್ತಿದ್ದವನಿಗೂ ವಾಲ್ವ್ ಎಲ್ಲಿದೆ ಎಂದು ಗೊತ್ತಿರುವುದಿಲ್ಲ. ಮೊದಲ ಸಲ ಬಂದಾಗ ‘ಹೊಗೆ ತಿರುಗಿ ಬರುವ ದಾರಿ’ ಎಂದು ಒಮ್ಮೆ ಬಿಡಿಸಿ ಬರೆದರೆ ಆಯಿತು.

ಇನ್ನೊಂದು ಉತ್ತರ (ಸಾಗರದಿಂದ)

ಮೇಲಿನವರು ಹೇಳಿದ್ದಕ್ಕೆ ಎರಡು ಸೇರಿಸುವೆ. ನಮ್ಮ ಗ್ಯಾರೇಜುಗಳಲ್ಲಿ ‘ಇಜಿಆರ್ ಬ್ಲಾಕ್ ಆಗಿದೆ’, ‘ಇಜಿಆರ್ ಬ್ಲ್ಯಾಂಕ್ ಆಗಿದೆ’ ಎರಡೂ ಮಾತು ಓಡುತ್ತವೆ, ಫೋನಿನಲ್ಲಿ ಕೇಳಿದರೆ ಒಂದೇ. ಒಂದು, ಕೊಳೆಯಿಂದ ತಾನಾಗಿ ಮುಚ್ಚಿದ್ದು. ಇನ್ನೊಂದು, ಹಳೆಯ ಡೀಸೆಲ್ ಜೀಪಿನಲ್ಲಿ ಮಾಡುತ್ತಿದ್ದ ಹಾಗೆ ತಗಡು ಕೊಟ್ಟು ಬೇಕೆಂದೇ ಮುಚ್ಚಿದ್ದು. ಕನ್ನಡದಲ್ಲಿ ‘ಕಟ್ಟಿಕೊಂಡಿದೆ’, ‘ತಗಡು ಹಾಕಿದೆ’ ಎಂದರೆ ಗೊಂದಲವಿಲ್ಲ. ಹೈಬ್ರಿಡ್‌ಗೆ ತಗಡು ಹಾಕಬಾರದು ಎಂದು ಒಂದು ಸಾಲು ಬರೆಯಿರಿ. ಆ ಎಂಜಿನ್ನಿನ ಇಗ್ನಿಷನ್ ಲೆಕ್ಕವೆಲ್ಲ ಹೊಗೆ ಬರುತ್ತದೆ ಎಂದೇ ಇಟ್ಟದ್ದು. ಬರದಿದ್ದರೆ ನಾಕ್, ಕೋಡ್, ಮೈಲೇಜ್ ಇಳಿತ.

ಎರಡನೆಯದು, ‘ಗ್ಯಾಸ್ಕೆಟ್ ಹೋಗಿದೆ’. ಇಜಿಆರ್ ಗ್ಯಾಸ್ಕೆಟ್ಟೋ ಹೆಡ್ ಗ್ಯಾಸ್ಕೆಟ್ಟೋ ಎಂದು ಪೂರ್ತಿ ಬರೆಯದಿದ್ದರೆ ಕಾರಿನವರ ಎದೆ ಒಡೆಯುತ್ತದೆ, ಖರ್ಚಿನ ಅಂತರ ಅಷ್ಟಿದೆ. ಗುರುತೂ ಕೊಡಿ: ರಾತ್ರಿ ನಿಂತ ಕಾರು ಬೆಳಿಗ್ಗೆ ಮೊದಲ ಸಲ ಎಂಜಿನ್ ಹೊತ್ತುವಾಗ ಜೋರಾಗಿ ನಡುಗಿ, ಹೊರಗೆ ಎಲ್ಲೂ ಸೋರದೆ ಕೂಲಂಟ್ ಇಳಿಯುತ್ತಿದ್ದರೆ, ಇಜಿಆರ್ ಬಿಚ್ಚುವ ಮೊದಲು ಕೂಲಂಟ್ ದಾರಿಗೆ ಒತ್ತಡ ಕೊಟ್ಟು ಹೆಡ್ ಗ್ಯಾಸ್ಕೆಟ್ ನೋಡಬೇಕು.