‘ಅಣ್ಣ ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ’: ಈ ಯೋಚನೆಯಿಂದ ಹೊರಬರುವುದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು, ದಾವಣಗೆರೆ

ಅಪ್ಪ ಹೋಗಿ ವರ್ಷವಾಯಿತು. ವರ್ಷದ ತಿಥಿ ಎಲ್ಲಿ, ಹೇಗೆ ಅಂತ ಅಣ್ಣ ಒಬ್ಬನೇ ಗೊತ್ತು ಮಾಡಿದ. ನನಗೆ ಬಂದಿದ್ದು ಎಲ್ಲರಿಗೂ ಬಂದ ವಾಟ್ಸಾಪ್ ಮೆಸೇಜ್ ಮಾತ್ರ. ತಿಥಿ ಮುಗಿದು ಹತ್ತು ದಿನವಾದರೂ ‘ಅಣ್ಣ ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ’ ಅನ್ನೋದೊಂದೇ ತಲೆಯಲ್ಲಿ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ನಮ್ಮ ಯೋಚನೆಯನ್ನು ನಾವೇ ಪ್ರಶ್ನೆ ಮಾಡಿಕೊಂಡರೆ ಮನಸ್ಸು ಹಗುರಾಗುತ್ತದೆ ಅಂತ ಜೊತೆ ಕೆಲಸ ಮಾಡುವವರೊಬ್ಬರು ಹೇಳಿದರು. ಯಾರಾದರೂ ಮಾಡಿ ನೋಡಿದ್ದೀರಾ? ನಿಮಗೆ ಏನಾಯಿತು ಅದನ್ನು ಹೇಳಿ.

ಮೈಸೂರು, ನಿವೃತ್ತ ಶಿಕ್ಷಕಿ

ಮಾಡಿದ್ದೇನಮ್ಮಾ. ನನ್ನದು ಮಗನ ವಿಷಯ. ಅವನು ಟೊರಾಂಟೋದಲ್ಲಿದ್ದಾನೆ. ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದವನು ಬರಬರುತ್ತಾ ಮೂರು ವಾರಕ್ಕೊಮ್ಮೆ ಮಾಡತೊಡಗಿದ. ‘ಮಗ ನನ್ನನ್ನು ಮರೆತೇಬಿಟ್ಟ.’ ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ, ದೀಪ ಹಚ್ಚುವಾಗಲೂ ಅದೇ.

ನಾನು ಹಿಡಿದಿದ್ದು ಬೈರನ್ ಕೇಟಿ ಅನ್ನುವ ಅಮೆರಿಕದ ಹೆಣ್ಣುಮಗಳ ದಾರಿ. ವರ್ಷಗಟ್ಟಲೆ ಖಿನ್ನತೆಯಲ್ಲಿ ಬೆಂದು 1986ರಲ್ಲಿ ಹೊರಬಂದವರು. ಅವರ ಕ್ರಮಕ್ಕೆ ‘ದ ವರ್ಕ್’ ಅಂತ ಹೆಸರು. ನೋಯಿಸುವ ಯೋಚನೆಯನ್ನು ಒಂದೇ ವಾಕ್ಯದಲ್ಲಿ ಬರೆದು ನಾಲ್ಕು ಪ್ರಶ್ನೆ ಕೇಳಬೇಕು. ಇದು ನಿಜವಾ? ನಿಜ ಅಂತ ನನಗೆ ಖಂಡಿತವಾಗಿ ಗೊತ್ತಾ? ಇದನ್ನು ನಂಬಿದಾಗ ನನಗೆ ಏನಾಗುತ್ತದೆ, ನಾನು ಹೇಗೆ ನಡೆದುಕೊಳ್ಳುತ್ತೇನೆ? ಈ ಯೋಚನೆ ಇಲ್ಲದಿದ್ದರೆ ನಾನು ಹೇಗಿರುತ್ತಿದ್ದೆ?

ಮೊದಲನೆಯದಕ್ಕೆ ಹೌದು ಅಂತ ಬರೆದೆ. ಎರಡನೆಯದಕ್ಕೆ ಬಂದಾಗ ಪೆನ್ನು ನಿಂತಿತು. ನನಗೆ ಭಾನುವಾರ ಬೆಳಿಗ್ಗೆ ಎಂಟು ಅಂದರೆ ಅವನಿಗೆ ಬೇಸಿಗೆಯಲ್ಲಿ ಶನಿವಾರ ರಾತ್ರಿ ಹತ್ತೂವರೆ. ಅವನು ಆ ಹೊತ್ತಿಗೆ ಏನು ಮಾಡುತ್ತಿರುತ್ತಾನೆ ಅಂತಲೇ ನನಗೆ ಗೊತ್ತಿರಲಿಲ್ಲ.

ಮೂರನೆಯದು ಕಷ್ಟ. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದೆ: ‘ಫೋನ್ ಬಂದ ಕೂಡಲೇ, ಇವತ್ತು ನೆನಪಾಯಿತಾ ಅಂತ ಚುಚ್ಚುತ್ತೇನೆ. ಅವನು ಐದು ನಿಮಿಷಕ್ಕೆ ಇಡುತ್ತಾನೆ. ಆಮೇಲೆ ಅವತ್ತೆಲ್ಲ ಅಳುತ್ತೇನೆ.’ ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದವಳು ನಾನು. ನನ್ನ ಬರಹವನ್ನು ಹೀಗೆ ಓದಿದ್ದು ಅದೇ ಮೊದಲು. ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಕೊನೆಗೆ ಆ ವಾಕ್ಯವನ್ನೇ ತಿರುಗಿಸಿ ನೋಡಬೇಕು. ‘ನಾನು ಮಗನನ್ನು ಮರೆತಿದ್ದೇನೆ.’ ಹೌದಲ್ವಾ? ಅವನಿಗೆ ಹೊಸದಾಗಿ ಶನಿವಾರವೂ ಕೆಲಸವಿದೆ ಅಂತ ನಾನು ಕೇಳಿ ತಿಳಿದಿದ್ದು ಆಮೇಲೆ. ‘ಮಗ ನನ್ನನ್ನು ಮರೆತಿಲ್ಲ.’ ಬಿಪಿ ನೋಡುವ ಮೆಷಿನ್ ಕಳಿಸಿದವನು ಅವನೇ. ‘ನಾನು ನನ್ನನ್ನೇ ಮರೆತಿದ್ದೇನೆ.’ ಇದನ್ನು ಬರೆದ ವಾರವೇ, ಬಿಟ್ಟುಹೋಗಿದ್ದ ಹಾಡಿನ ಕ್ಲಾಸಿಗೆ ಮತ್ತೆ ಸೇರಿಕೊಂಡೆ. ಫೋನ್ ಈಗಲೂ ಮೂರು ವಾರಕ್ಕೊಮ್ಮೆಯೇ. ಆದರೆ ಮಾತು ಮುಕ್ಕಾಲು ಗಂಟೆ ನಡೆಯುತ್ತದೆ.

ಹುಬ್ಬಳ್ಳಿ

ಅಕ್ಕಾ, ತಲೆಯಲ್ಲೇ ಮಾಡೋಕೆ ಹೋಗಬೇಡಿ. ನಾನು ಆರು ತಿಂಗಳು ಹಾಗೆ ಮಾಡಿ ಜಾಸ್ತಿ ಗೊಂದಲ ಮಾಡಿಕೊಂಡೆ. ತಲೆಯಲ್ಲಿ ಒಂದು ಉತ್ತರ ಬರುವಷ್ಟರಲ್ಲಿ ಇನ್ನೆರಡು ದೂರು ಎದ್ದು ನಿಲ್ಲುತ್ತವೆ. ಕಾಗದದ ಮೇಲೆ ವಾಕ್ಯ ಓಡಿಹೋಗುವುದಿಲ್ಲ. ಮೊದಲ ಎರಡು ಪ್ರಶ್ನೆಗೆ ಹೌದು ಅಥವಾ ಇಲ್ಲ, ಅಷ್ಟೇ ಉತ್ತರ. ‘ಹೌದು, ಯಾಕೆಂದರೆ’ ಅಂತ ಶುರುವಾದರೆ ಅದು ವಾದ, ಅಲ್ಲೇ ನಿಲ್ಲಿಸಿ. ಹೌದು ಅಂತ ಬಂದರೂ ಪರವಾಗಿಲ್ಲ, ಮುಂದಿನದಕ್ಕೆ ಹೋಗಿ.

ಬೆಂಗಳೂರು

ನಾನು ತಿರುವಣ್ಣಾಮಲೈಗೆ ಹೋಗಿ ಬರುವವನು. ರಮಣ ಮಹರ್ಷಿಗಳು 1896ರಲ್ಲಿ, ಹದಿನಾರರ ವಯಸ್ಸಿನಲ್ಲಿ ಅಲ್ಲಿಗೆ ಬಂದು ಕೊನೆಯವರೆಗೂ ಅಲ್ಲೇ ಇದ್ದವರು. ಅವರು ತೋರಿಸಿದ ಆತ್ಮವಿಚಾರ, ಅಂದರೆ ‘ನಾನು ಯಾರು’ ಅಂತ ಒಳಗೆ ಹುಡುಕುವುದು, ಬೇರೆ ಥರ. ಅಣ್ಣ ಹೀಗೆ ಮಾಡಿದ ಅನ್ನುವ ಯೋಚನೆ ಯಾರಿಗೆ ಬಂತು? ನನಗೆ. ಆ ‘ನಾನು’ ಯಾರು? ಇಲ್ಲಿ ಯೋಚನೆ ನಿಜವೋ ಸುಳ್ಳೋ ಅಂತ ನೋಡುವುದಿಲ್ಲ, ಅದು ಎದ್ದ ಜಾಗಕ್ಕೆ ತಿರುಗುತ್ತೇವೆ. ಮಾತಿನ ಉತ್ತರ ಹುಡುಕಬಾರದು. ನನಗೆ ಇದು ಬದುಕನ್ನೇ ಬದಲಿಸಿದೆ. ಆದರೂ ಗಾಯ ಹಸಿಯಾಗಿರುವಾಗ ಮೈಸೂರಿನ ಅಮ್ಮ ಹೇಳಿದ ದಾರಿಯೇ ಸುಲಭ ಅಂತ ನನ್ನ ಅನಿಸಿಕೆ.

ಶಿವಮೊಗ್ಗ

ಒಂದು ಮಾತು ಹೇಳಲೇಬೇಕು. ವಾಕ್ಯ ತಿರುಗಿಸುವುದು ಎಲ್ಲ ಕಡೆಗೂ ಸಲ್ಲುವುದಿಲ್ಲ. ಗಂಡ ಕೈ ಮಾಡುತ್ತಿದ್ದ ದಿನಗಳಲ್ಲಿ ನಾನು ‘ತಪ್ಪು ನನ್ನದೇ ಇರಬಹುದಾ’ ಅಂತ ಬರೆದುಕೊಂಡು ಕೂತಿದ್ದೆ. ಆಗ ಬೇಕಿದ್ದದ್ದು ಪ್ರಶ್ನೆಯಲ್ಲ, ತವರಿಗೆ ಹೋಗುವ ಬಸ್ಸು. ಹೊಡೆತ ಬೀಳುವ ಮನೆಯಲ್ಲಿ ಇರುವವರು ಮೊದಲು ಹೊರಗೆ ಬನ್ನಿ. 181 ಮಹಿಳಾ ಸಹಾಯವಾಣಿ.

ಹೊರಬಂದ ಮೇಲೆ ಆಪ್ತಸಮಾಲೋಚಕಿ ಒಬ್ಬರು ಕಲಿಸಿದ್ದು, ಆರನ್ ಬೆಕ್ ಅನ್ನುವ ಮನೋವೈದ್ಯರು 1960ರ ದಶಕದಲ್ಲಿ ಶುರುಮಾಡಿದ ಚಿಕಿತ್ಸೆಯಿಂದ ಬಂದ ಕ್ರಮ. ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಅಂತ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಅದಕ್ಕೆ ಸಾಕ್ಷಿ ಒಂದು ಕಡೆ, ವಿರುದ್ಧ ಸಾಕ್ಷಿ ಇನ್ನೊಂದು ಕಡೆ. ಬಲಗಡೆ ಮೊದಲು ಬರೆದಿದ್ದು, ‘ಮಗಳ ಫೀಸು ನಾನೇ ಕಟ್ಟಿದೆ.’

ತಂಗೀ, ನಿದ್ದೆ ಹೀಗೇ ಕೆಡುತ್ತಾ ಹೋಗಿ ಊಟವೂ ಸೇರದಿದ್ದರೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೇಳಿದವರು, ಮರುದಿನ

ಎಲ್ಲರಿಗೂ ಕೈಮುಗಿಯುತ್ತೇನೆ. ರಾತ್ರಿ ಎಚ್ಚರವಾದಾಗ ಎದ್ದು, ಹಾಲಿನ ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದೆ. ಮೊದಲ ಎರಡಕ್ಕೂ ‘ಹೌದು’ ಅಂತಲೇ ಬಂತು. ಮೂರನೆಯದಕ್ಕೆ ಬರೆಯುತ್ತಾ ಹೋದ ಹಾಗೆ ತಿಥಿಯ ದಿನ ನೆನಪಾಯಿತು. ಎಲೆ ಹಾಕಿದಾಗ ನಾನು ‘ಹಸಿವಿಲ್ಲ’ ಅಂತ ಹೊರಗೆ ಜಗಲಿಯಲ್ಲಿ ಕೂತಿದ್ದೆ. ಅಣ್ಣ ಎರಡು ಸಲ ಬಂದು ಕರೆದ. ಎರಡನೇ ಸಲ ಅವನ ಕಣ್ಣು ಕೆಂಪಾಗಿತ್ತು. ಇದು ಬರೆಯುವವರೆಗೂ ನನಗೆ ನೆನಪೇ ಇರಲಿಲ್ಲ.

ನಾಲ್ಕನೇ ಪ್ರಶ್ನೆ ಇನ್ನೂ ಬರೆದಿಲ್ಲ. ಇವತ್ತು ರಾತ್ರಿ ಕೂರುತ್ತೇನೆ.