ಗ್ಲುಟೆನ್ ಇಲ್ಲದ ಊಟ: ಎಂಥ ಪುಸ್ತಕ ಕೊಳ್ಳಬೇಕು?

ತುಂಗಾತೀರ: ಒಂಬತ್ತು ವರ್ಷದ ಹುಡುಗಿಗೆ ಸೀಲಿಯಾಕ್ (ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಕೆಡುವ ಕಾಯಿಲೆ) ಇದೆ ಎಂದು ಬಯಾಪ್ಸಿಯಲ್ಲಿ ಖಚಿತವಾಗಿದೆ. ಮನೆಯವರು ಒಂದೆರಡು ಪುಸ್ತಕ ಕೊಳ್ಳಬೇಕೆಂದಿದ್ದಾರೆ. ಕನ್ನಡ, ಇಂಗ್ಲಿಷ್ ಎರಡೂ ಓದುತ್ತಾರೆ. ಪುಸ್ತಕದಲ್ಲಿ ಏನೇನು ನೋಡಿ ಕೊಳ್ಳಬೇಕು?

ರಾಗಿಕಣಜ: ಅವರಿಗೆ ಬೇರೆ ಪುಸ್ತಕ ಯಾಕೆ? ಅಕ್ಕಿ, ರಾಗಿ, ಜೋಳ, ನವಣೆ, ಸಾಮೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಒಳ್ಳೆಯ ಸಿರಿಧಾನ್ಯದ ಅಡುಗೆ ಪುಸ್ತಕ ಒಂದಿದ್ದರೆ ಸಾಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಬೆಳೆಯುವ ಮಗುವಿಗೆ ಅದೂ ಬೇಕು.

ಪಥ್ಯಾಪಥ್ಯ: ಧಾನ್ಯದ ಮಾತು ಸರಿ, ಪುಸ್ತಕದ ಮಾತು ಒಪ್ಪಲಾರೆ. ಸಿರಿಧಾನ್ಯದ ಪುಸ್ತಕಗಳನ್ನು ಹೆಚ್ಚಾಗಿ ಸಕ್ಕರೆ ಕಾಯಿಲೆ, ತೂಕ ಇಳಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ರಾಗಿ ದೋಸೆಗೆ ಒಂದು ಹಿಡಿ ರವೆ, ನವಣೆ ರೊಟ್ಟಿ ಮುರಿಯದಿರಲಿ ಎಂದು ಎರಡು ಚಮಚ ಗೋಧಿಹಿಟ್ಟು. ಮಧುಮೇಹಿಗೆ ಅದು ನಡೆಯುತ್ತದೆ, ಈ ಮಗುವಿಗೆ ನಡೆಯುವುದಿಲ್ಲ. ದಿನಕ್ಕೆ 50 ಮಿ.ಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೂ ಸಣ್ಣ ಕರುಳಿನ ಒಳಪದರಕ್ಕೆ ಪೆಟ್ಟು ಬೀಳುತ್ತದೆ. ಗೋಧಿಹಿಟ್ಟಿನ ಲೆಕ್ಕದಲ್ಲಿ ಅದು ಅರ್ಧ ಗ್ರಾಂನಷ್ಟು, ಒಂದು ಚಿಟಿಕೆ. ಕೊಡುಬಳೆ, ನಿಪ್ಪಟ್ಟು, ಮದ್ದೂರು ವಡೆ ಅಕ್ಕಿಹಿಟ್ಟಿನವು ಅಂದುಕೊಳ್ಳುತ್ತೇವೆ. ಮೈದಾ, ಚಿರೋಟಿ ರವೆ ಎಲ್ಲಿ ಸೇರುತ್ತದೆ ಎಂದು ಹೇಳುವ ಪುಸ್ತಕ ಬೇಕು.

ಗಿರಣಿಬೀದಿ: ಗಿರಣಿಯನ್ನೂ ಮರೆಯಬೇಡಿ. ಗೋಧಿ ಬೀಸಿದ ಬೆನ್ನಿಗೇ ಜೋಳ ಹಾಕಿದರೆ ಕಲ್ಲಿನಲ್ಲಿ ಉಳಿದ ಹಿಟ್ಟೆಲ್ಲ ನಿಮ್ಮ ಡಬ್ಬಿಗೇ ಬರುತ್ತದೆ. ಮನೆಯಲ್ಲಿ ಜರಡಿ, ಚಪಾತಿ ಮಣೆ, ಲಟ್ಟಣಿಗೆ, ಮರದ ಸೌಟು ಬೇರೆ ಇರಬೇಕು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬಾರದು. ಇದಕ್ಕೆ ಒಂದು ಅಧ್ಯಾಯವಾದರೂ ಕೊಡದ ಪುಸ್ತಕ ಎಷ್ಟು ಚೆನ್ನಾಗಿ ಅಚ್ಚಾಗಿದ್ದರೂ ಬೇಡ.

ಪಥ್ಯಾಪಥ್ಯ: ಅಂಗಡಿಯಲ್ಲಿ ನಿಂತೇ ಪರೀಕ್ಷೆ ಮಾಡಬಹುದು. ಹಿಂದಿನ ಪದಸೂಚಿ ತೆಗೆದು ಸ್ಪೆಲ್ಟ್ ಅಥವಾ ಖಪ್ಲಿ ಗೋಧಿ ಹುಡುಕಿ. ‘ಹಳೇ ತಳಿ, ತೊಂದರೆಯಿಲ್ಲ’ ಎಂದಿದ್ದರೆ ಅಲ್ಲೇ ಇಟ್ಟುಬಿಡಿ, ಅವೂ ಗೋಧಿಯೇ. ಓಟ್ಸ್ ಬಗ್ಗೆ, ಬೇರೆ ಧಾನ್ಯ ಬೆರೆಯದಂತೆ ಬೆಳೆದು ಗ್ಲುಟೆನ್‌ರಹಿತ ಎಂದು ನಮೂದಿಸಿದ್ದು ಮಾತ್ರ, ಅದೂ ವೈದ್ಯರನ್ನು ಕೇಳಿ, ಎಂದಿರಬೇಕು. ತಿನ್ನಬಾರದವುಗಳ ಪಟ್ಟಿಯಲ್ಲಿ ಬಾರ್ಲಿ ಮಾಲ್ಟ್ ಹೆಸರೂ ಇರಬೇಕು. ಭಾರತದ ಪುಸ್ತಕವಾದರೆ ಇಂಗು ನೋಡಿ: ಡಬ್ಬಿಯ ಕೂಟು ಇಂಗಿಗೆ ಎಷ್ಟೋ ಕಂಪನಿಗಳು ಗೋಧಿಹಿಟ್ಟು ಸೇರಿಸುತ್ತವೆ. ಅಚ್ಚಾದ ವರ್ಷವೂ ಮುಖ್ಯ. ಅಂತರರಾಷ್ಟ್ರೀಯ ಆಹಾರ ಮಾನದಂಡ ರೂಪಿಸುವ ಕೋಡೆಕ್ಸ್, ಗ್ಲುಟೆನ್‌ರಹಿತ ಎನ್ನುವ ಆಹಾರದಲ್ಲಿ ಗ್ಲುಟೆನ್‌ಗೆ ಕಿಲೋಗೆ 20 ಮಿ.ಗ್ರಾಂ ಮಿತಿ ತಂದದ್ದು 2008ರಲ್ಲಿ, ಅಮೆರಿಕದ ನಿಯಮ 2013ರದ್ದು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಮಿತಿಯೂ 20. ಈ ನಿಯಮಗಳಿಗಿಂತ ಹಳೆಯ ಪುಸ್ತಕದ ಲೇಬಲ್ ಪಾಠವನ್ನು ನಂಬಬೇಡಿ.

ಬೇಕರಿಮನೆ: ಅಮೆರಿಕದ ಬೇಕಿಂಗ್ ಪುಸ್ತಕ ಕೊಂಡರೆ ಗ್ರಾಂ ಲೆಕ್ಕದ್ದೇ ಕೊಳ್ಳಿ. ಒಂದು ಕಪ್ ಅಕ್ಕಿಹಿಟ್ಟು 150–160 ಗ್ರಾಂ, ಅದೇ ಕಪ್ ಮರಗೆಣಸಿನ ಪಿಷ್ಟ ಸುಮಾರು 120. ಕಪ್ ಲೆಕ್ಕದಲ್ಲಿ ಹೋದರೆ ಬ್ರೆಡ್ ಕೂತುಬಿಡುತ್ತದೆ. ಗ್ಲುಟೆನ್ ಬದಲು ಅಂಟಿಗೆ ಇಸಬ್‌ಗೋಲ್ ಹೇಳುವ ಪುಸ್ತಕ ನಮಗೆ ಅನುಕೂಲ: 500 ಗ್ರಾಂ ಹಿಟ್ಟಿಗೆ 20–25 ಗ್ರಾಂ ಹೊಟ್ಟು, ಮೊದಲು ನೀರಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು ಲೋಳೆಯಾದ ಮೇಲೆ ಹಿಟ್ಟಿಗೆ ಹಾಕಬೇಕು. ನಮ್ಮ ಅಕ್ಕಿಹಿಟ್ಟು ಅಲ್ಲಿಯದಕ್ಕಿಂತ ತರಿ. ಕಲಸಿ ಅರ್ಧ ಗಂಟೆ ನೆನೆಯಲು ಬಿಡದಿದ್ದರೆ ಮರಳು ಮರಳಾಗುತ್ತದೆ.

ರಾಗಿಕಣಜ: ಎಸರಿಟ್ಟು ಜೋಳದ ಹಿಟ್ಟು ನಾದುವವರಿಗೆ ಇಷ್ಟೆಲ್ಲ ಬೇಕೇ? ಕುದಿನೀರು ಬಿದ್ದರೆ ಹಿಟ್ಟಿಗೆ ತಾನೇ ಜಿಗಿ ಬರುತ್ತದೆ.

ಬೇಕರಿಮನೆ: ರೊಟ್ಟಿಗೆ ನಿಮ್ಮ ಮಾತೇ ಸರಿ, ಬ್ರೆಡ್ ಉಬ್ಬಲು ಅಷ್ಟು ಸಾಲದು. ಶಾಲೆಯಲ್ಲಿ ಹುಟ್ಟುಹಬ್ಬದ ಕೇಕ್ ಹಂಚುವಾಗ ಮಗು ರೊಟ್ಟಿ ಹಿಡಿದು ಕೂರಬೇಕೇ?

ಪಥ್ಯಾಪಥ್ಯ: ಒಪ್ಪಿದೆ, ಆದರೆ ಬೇಕಿಂಗ್ ಪುಸ್ತಕ ಎರಡನೆಯದಾಗಲಿ. ಮೊದಲನೆಯದು ವೈದ್ಯರೋ ಆಹಾರತಜ್ಞರೋ ಬರೆದದ್ದಿರಲಿ. ಆರು ತಿಂಗಳಿಗೆ ಟಿಟಿಜಿ (ಸೀಲಿಯಾಕ್‌ನ ಪ್ರತಿಕಾಯ ನೋಡುವ) ರಕ್ತಪರೀಕ್ಷೆ, ಕಬ್ಬಿಣ, ವಿಟಮಿನ್ ಡಿ ಗಮನಿಸುವುದು, ಅಪ್ಪ, ಅಮ್ಮ, ಒಡಹುಟ್ಟಿದವರನ್ನೂ ಪರೀಕ್ಷಿಸುವುದು ಅದರಲ್ಲಿ ಇರಲೇಬೇಕು. ಆ ಪರೀಕ್ಷೆಗೆ ಮುಂಚೆ ಅವರು ಗೋಧಿ ಬಿಡಬಾರದು, ಬಿಟ್ಟರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ‘ಎಲ್ಲರೂ ಇಂದೇ ಗೋಧಿ ಬಿಡಿ’ ಎನ್ನುವ ಪುಸ್ತಕ ಕೆಡುಕು ಮಾಡುವುದು ಇಲ್ಲೇ.

ತುಂಗಾತೀರ: ಹಬ್ಬ, ಪೂಜೆಗೆ ಕರೆದಾಗ?

ಗಿರಣಿಬೀದಿ: ಅದು ಯಾವ ವಿದೇಶಿ ಪುಸ್ತಕದಲ್ಲೂ ಸಿಗದು. ಸತ್ಯನಾರಾಯಣ ಪೂಜೆಯ ಸಪಾದ ರವೆಯದು, ಹೋಳಿಗೆಯ ಕಣಕ ಮೈದಾದ್ದು, ಪುಳಿಯೋಗರೆಗೆ ಇಂಗು ಬಿದ್ದಿರುತ್ತದೆ. ಕರೆದವರಿಗೆ ಮೊದಲೇ ಫೋನ್ ಮಾಡಿ, ರವೆ ಮುಟ್ಟದ ತಟ್ಟೆಯಲ್ಲಿ ಬಾಳೆಹಣ್ಣು, ಕಾಯಿ, ಕಲ್ಲುಸಕ್ಕರೆ ಬೇರೆ ಎತ್ತಿಡಲು ಹೇಳಿ. ಇವನ್ನೆಲ್ಲ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಟ್ಟುಕೊಳ್ಳಿ.